ಅಳಿಯನ ಉಂಗುರಕ್ಕೆ ಯಾವ ಲೋಹ?

ಜತ್ತದ ಪೇಟೆಯಲ್ಲಿ ಪತ್ತಾರಿಕೆ ಮಾಡುವವನಿಗೆ ಎರಡು ಭಾಷೆ ಬೇಕು. ಡಫಳಾಪುರದ ಕಡೆಯಿಂದ ಬಂದವರು ಮರಾಠಿಯಲ್ಲಿ ದರ ಕೇಳುತ್ತಾರೆ. ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರದ ಕಡೆಯವರು ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಅವತ್ತಿನ ದರ ಮಾತ್ರ ಇಬ್ಬರಿಗೂ ಬಾಯಿಪಾಠ. ಅದರಲ್ಲಿ ಆಶ್ಚರ್ಯವಿಲ್ಲ, ನಮ್ಮ ಸಾಂಗಲಿ ಜಿಲ್ಲೆಗೆ ಬಂಗಾರದ ನಂಟು ಹಳೆಯದು. ಗಾಡಗೀಳರ ಬಂಗಾರದ ಪೇಢಿ ಸಾಂಗಲಿಯಲ್ಲಿ ಶುರುವಾದದ್ದು 1832ರಲ್ಲಿ. ಹಳೆ ಬಂಗಾರ ಕರಗಿಸಿ ಶುದ್ಧ ಮಾಡುವ ಗಲಾಯಿ ಮಂದಿ ವಿಟಾ, ಖಾನಾಪುರ, ಆಟಪಾಡಿ ಕಡೆಯವರು. ಮಳೆ ಕೈಕೊಡುವ ಊರು ಬಿಟ್ಟು ಹೋಗಿ ಇವತ್ತು ಕೇರಳದಿಂದ ದಿಲ್ಲಿಯವರೆಗೆ ಸರಾಫ ಕಟ್ಟೆಗಳಲ್ಲಿ ಕುಲುಮೆ ಹಾಕಿಕೊಂಡಿದ್ದಾರೆ. ಪಕ್ಕದ ಕೊಲ್ಲಾಪುರ ಜಿಲ್ಲೆಯ ಹುಪರಿಯಂತೂ ಬೆಳ್ಳಿಯ ಊರೇ.

ಇಷ್ಟಿದ್ದರೂ ಮದುವೆ ಗಂಡಿನ ಉಂಗುರದ ಮಾತು ಬಂದಾಗ ಎಷ್ಟು ಗ್ರಾಂ, ಎಷ್ಟು ರೂಪಾಯಿ ಎಂಬುದರ ಆಚೆ ಯಾರೂ ಹೋಗುವುದಿಲ್ಲ. ಲೋಹ ಯಾವುದು ಎಂದು ಯೋಚಿಸುವವರು ಬಹಳ ಕಡಿಮೆ. ಹಿಂದೆ ಯೋಚಿಸುವ ಅಗತ್ಯವೂ ಇರಲಿಲ್ಲ. ಬೀಗರು ಅಳಿಯನಿಗೆ ಹಾಕಿದ ಉಂಗುರ ಟ್ರಂಕಿನಲ್ಲಿರುತ್ತಿತ್ತು, ಜಾತ್ರೆಗೆ, ಹಬ್ಬಕ್ಕೆ ಹೊರಬರುತ್ತಿತ್ತು. ಸಾಖರಪುಡಾದ, ಅಂದರೆ ನಿಶ್ಚಿತಾರ್ಥದ ದಿನ ಹುಡುಗ ಹುಡುಗಿ ಒಬ್ಬರಿಗೊಬ್ಬರು ಉಂಗುರ ತೊಡಿಸಿ, ಅದನ್ನು ಹಗಲಿರುಳು ಕೈಯಲ್ಲೇ ಇಟ್ಟುಕೊಳ್ಳುವ ಪದ್ಧತಿ ಈಚಿನದು. ಅಮೆರಿಕದಲ್ಲೂ ಗಂಡಸರ ಮದುವೆ ಉಂಗುರ ರೂಢಿಗೆ ಬಂದದ್ದು ಎರಡನೆಯ ಮಹಾಯುದ್ಧದ ಹೊತ್ತಿಗೆ. ಟ್ರಂಕಿನಲ್ಲಿರುವ ಉಂಗುರಕ್ಕೆ ಯಾವ ಲೋಹವಾದರೂ ನಡೆಯುತ್ತದೆ. ಕೈಯಲ್ಲಿರುವ ಉಂಗುರಕ್ಕೆ ನಡೆಯುವುದಿಲ್ಲ. ಈ ಕಸುಬಿನಲ್ಲಿ ಕೂತು ನಾನು ಕಲಿತದ್ದನ್ನು ಕೆಳಗೆ ಬರೆದಿದ್ದೇನೆ.

1. ತಕ್ಕಡಿಗಿಂತ ಮೊದಲು ಹುಡುಗನ ಅಂಗೈ ನೋಡಬೇಕು

ಅಂಗಡಿಗೆ ಬಂದ ವರನಿಗೆ ನಾನು ಮೊದಲು ಕೇಳುವುದು, "ಏನ್ ಕೆಲಸ ಮಾಡ್ತೀರಿ, ಕೈ ತೋರಸ್ರಿ" ಎಂದು. ನಮ್ಮ ಕಡೆ ಗಂಡಸರು ಉಂಗುರ ಹಾಕುವುದು ಹೆಚ್ಚಾಗಿ ಬಲಗೈಯ ಉಂಗುರ ಬೆರಳಿಗೆ. ಕೆಲಸ ಮಾಡುವುದೂ ಅದೇ ಕೈ. ಕಬ್ಬಿನ ಸುಗ್ಗಿಗೆ ಹೋಗುವವನ ಬಲಗೈಯಲ್ಲಿ ಕಬ್ಬು ಕಡಿಯುವ ಕೊಯ್ತಾ ಇರುತ್ತದೆ, ದಿನಕ್ಕೆ ಎಷ್ಟೋ ಸಾವಿರ ಸಲ ಹಿಡಿಕೆ ಉಂಗುರವನ್ನು ಒತ್ತುತ್ತದೆ. ಲಾರಿ ಓಡಿಸುವವನಿಗೆ ಸ್ಟೇರಿಂಗ್, ಗೇರಿನ ತಿಕ್ಕಾಟ. ದ್ರಾಕ್ಷಿ ತೋಟದವನಿಗೆ ಕತ್ತರಿ, ತಂತಿ, ಔಷಧದ ನೀರು. ಸೈನ್ಯದಲ್ಲಿರುವ ಹುಡುಗರು ಸಾಖರಪುಡಾ ಮುಗಿದ ಮೇಲೆ ಉಂಗುರ ಅವ್ವನ ಕೈಗೆ ಕೊಟ್ಟು ಡ್ಯೂಟಿಗೆ ಹೋಗುತ್ತಾರೆ. ಶಾಲೆಯ ಮಾಸ್ತರರ ಕೈ ಬೇರೆ, ವಾಯರ್‌ಮನ್ ಕೈ ಬೇರೆ.

ದುರಸ್ತಿಗೆ ಬಂದ ಗಂಡಸರ ಹಳೆ ಉಂಗುರ ಕೈಗೆತ್ತಿಕೊಂಡರೆ ಮೊದಲು ತಿರುವಿ ತಳ ನೋಡುತ್ತೇನೆ. ಮೇಲೆ ನಕ್ಷೆ ಹೊಸದರಂತೆ ಇರುತ್ತದೆ. ಅಂಗೈ ಕಡೆಯ ಪಟ್ಟಿ ಸವೆದು ಕಾಗದದಷ್ಟು ತೆಳುವಾಗಿ, ಅಂಚು ಚೂಪಾಗಿ ಚರ್ಮ ಕೊರೆಯುತ್ತಿರುತ್ತದೆ. ಅದಕ್ಕೇ ದುಡಿಯುವ ಕೈಗೆ ಉಂಗುರ ಮಾಡಿಸುವವರಿಗೆ ನಾನು ಹೇಳುವುದು: ಇರುವ ಬಂಗಾರವನ್ನು ಮೇಲಿನ ನಕ್ಷೆಗೆ ಸುರಿಯಬೇಡಿ, ಕೆಳಗಿನ ಪಟ್ಟಿಗೆ ಹಾಕಿಸಿ. ಒಂದೂವರೆ ಮಿಲಿಮೀಟರಿಗಿಂತ ತೆಳ್ಳಗಿನ ಪಟ್ಟಿ ಬೇಡ. ಮೇಲೆ ದೊಡ್ಡದಾಗಿ ಕಂಡು ಒಳಗೆ ಟೊಳ್ಳಾಗಿರುವ ಉಂಗುರವಂತೂ ಬೇಡವೇ ಬೇಡ. ಒಮ್ಮೆ ತಗ್ಗು ಬಿದ್ದರೆ ಅದನ್ನು ಬಡಿದು ಸರಿ ಮಾಡಲು ಆಗುವುದಿಲ್ಲ.

2. ದುಡಿಯುವ ಕೈಗೆ 22 ಕ್ಯಾರೆಟ್‌ಗಿಂತ 18 ಮೇಲು

ಇದನ್ನು ಹೇಳಿದಾಗ ಅಂಗಡಿಯಲ್ಲಿ ಮುಖ ಸಣ್ಣದಾಗುತ್ತದೆ. "ಕಾಕಾ, ಅಳಿಯಗ ಕಡಿಮಿ ಬಂಗಾರ ಹಾಕಿದ್ರ ಬೀಗರು ಏನಂತಾರ್ರಿ?" ಈ ಅಳುಕು ಎಲ್ಲಿಂದ ಬಂತು ಎಂಬುದು ನನ್ನಂಥವರಿಗೆ ಗೊತ್ತು. 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರು ಹಣಕಾಸು ಮಂತ್ರಿಯಾಗಿದ್ದಾಗ ಬಂಗಾರ ನಿಯಂತ್ರಣ ಬಂತು. 14 ಕ್ಯಾರೆಟ್‌ಗಿಂತ ಮೇಲಿನ ಆಭರಣ ಹೊಸದಾಗಿ ಮಾಡಕೂಡದು ಎಂದಾಯಿತು. ದೇಶದ ತುಂಬ ಪತ್ತಾರರ ಕುಲುಮೆಗಳು ಆರಿದವು, ಎಷ್ಟೋ ಜನ ಜೀವವನ್ನೇ ಕಳೆದುಕೊಂಡರು. 14ರ ನಿಯಮ ಕೆಲವು ವರ್ಷಗಳಲ್ಲಿ ಸಡಿಲಾಯಿತು, 1968ರ ಕಾಯ್ದೆ ಮಾತ್ರ 1990ರವರೆಗೂ ಇತ್ತು. ಕಡಿಮೆ ಕ್ಯಾರೆಟ್ ಎಂದರೆ ಸರಕಾರ ಬಲವಂತದಿಂದ ಹೇರಿದ್ದು, ಕಳಪೆ ಎಂಬ ಭಾವನೆ ನಮ್ಮ ಹಿರಿಯರಲ್ಲಿ ಆಗ ಕೂತದ್ದು ಇನ್ನೂ ಎದ್ದು ಹೋಗಿಲ್ಲ.

ಲೋಹದ ಗುಣ ಬೇರೆಯೇ ಮಾತು ಹೇಳುತ್ತದೆ. 22 ಕ್ಯಾರೆಟ್ ಎಂದರೆ ಸಾವಿರಕ್ಕೆ 916 ಪಾಲು ಬಂಗಾರ. 18 ಎಂದರೆ 750 ಪಾಲು, ಉಳಿದದ್ದು ತಾಮ್ರ ಮತ್ತು ಬೆಳ್ಳಿ. ಆ ತಾಮ್ರ ಸೇರಿದ್ದರಿಂದಲೇ 18 ಕ್ಯಾರೆಟ್ ಗಟ್ಟಿಯಾಗುತ್ತದೆ, ಬೇಗ ಸವೆಯುವುದಿಲ್ಲ, ಕೊಯ್ತಾ ಹಿಡಿದರೆ ಮೊಟ್ಟೆಯಾಕಾರಕ್ಕೆ ಬಾಗುವುದಿಲ್ಲ. ಕಲ್ಲು ಕೂಡಿಸುವುದಿದ್ದರೆ ಹಿಡಿಯುವ ಕೊಂಡಿ ಬಲವಾಗಿರುತ್ತದೆ. 22ರಲ್ಲಿ ಒಂಟಿ ಕಲ್ಲು ಕೂಡಿಸಿಕೊಂಡು ಹೊಲಕ್ಕೆ ಹೋದವರ ಕಲ್ಲು ಹೊಲದಲ್ಲೇ ಉಳಿಯುತ್ತದೆ.

ಇನ್ನೊಂದು ಲೆಕ್ಕವನ್ನು ಯಾವ ಅಂಗಡಿಯವರೂ ಬಿಡಿಸಿ ಹೇಳುವುದಿಲ್ಲ. ಅಳತೆ, ಆಕಾರ ಒಂದೇ ಇದ್ದರೂ ಲೋಹ ಬದಲಾದರೆ ತೂಕ ಬದಲಾಗುತ್ತದೆ. 22 ಕ್ಯಾರೆಟ್‌ನಲ್ಲಿ 5 ಗ್ರಾಂ ತೂಗುವ ಉಂಗುರವನ್ನು ಅದೇ ಅಚ್ಚಿನಲ್ಲಿ 18ರಲ್ಲಿ ಎರೆದರೆ ಸುಮಾರು 4.4 ಗ್ರಾಂ ಆಗುತ್ತದೆ. ಮೊದಲನೆಯದರಲ್ಲಿ ಅಪ್ಪಟ ಬಂಗಾರ ಸುಮಾರು 4.6 ಗ್ರಾಂ, ಎರಡನೆಯದರಲ್ಲಿ 3.3. ಅಂದರೆ ನೋಡಲು ಅಷ್ಟೇ ದೊಡ್ಡ ಉಂಗುರಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ಬಂಗಾರ ಉಳಿಯುತ್ತದೆ. 2025ರ ಏಪ್ರಿಲ್‌ನಲ್ಲಿ 10 ಗ್ರಾಂ ಅಪ್ಪಟ ಬಂಗಾರ ಒಂದು ಲಕ್ಷ ರೂಪಾಯಿ ಮುಟ್ಟಿದ ಮೇಲೆ ಈ ಉಳಿತಾಯ ಸಣ್ಣ ಮಾತಲ್ಲ.

22 ಬೇಡ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಬೋರ್ ಬತ್ತಿದ ವರ್ಷ, ಮೇವಿಗೆ ದುಡ್ಡಿಲ್ಲದ ವರ್ಷ, ನಮ್ಮ ತಾಲೂಕಿನಲ್ಲಿ ಮನೆಯ ಬಂಗಾರ ಪತಸಂಸ್ಥೆಗೆ ತಾರಣಕ್ಕೆ, ಅಂದರೆ ಒತ್ತೆಗೆ, ಹೋಗುತ್ತದೆ. ಆಗ 22 ಕ್ಯಾರೆಟ್‌ಗೆ ಯಾರೂ ತಕರಾರು ತೆಗೆಯುವುದಿಲ್ಲ, ಗ್ರಾಮಿಗೆ ಸಾಲವೂ ಹೆಚ್ಚು ಸಿಗುತ್ತದೆ. ಕುರ್ಚಿಯ ಮೇಲಿನ ಕೆಲಸದವನಿಗೆ, ಉಂಗುರವನ್ನು ಆಪತ್ತಿನ ಗಂಟು ಎಂದು ನೋಡುವ ಮನೆಗೆ 22 ಸರಿ. ಮಣ್ಣು, ಕಬ್ಬಿಣ ಮುಟ್ಟುವ ಕೈಗೆ 18 ಸರಿ.

3. ಬಿಳಿ ಬಂಗಾರ ಕೇಳುವವರು ಎರಡು ವಿಷಯ ತಿಳಿದಿರಬೇಕು

ಬಿಳಿ ಬಂಗಾರದ ಹೊಳಪು ಹೆಚ್ಚಾಗಿ ಮೇಲೆ ಕೊಟ್ಟ ರೋಡಿಯಂ ಲೇಪನದ್ದು. ದಿನಾ ತೊಟ್ಟರೆ ಅದು ಸವೆದು ಒಳಗಿನ ಹಳದಿ ಛಾಯೆ ಕಾಣುತ್ತದೆ, ಮತ್ತೆ ಲೇಪನ ಮಾಡಿಸಲು ದೊಡ್ಡ ಪೇಟೆಗೆ ಕಳಿಸಬೇಕು. ಎರಡನೆಯದು, ಬಿಳಿ ಬಣ್ಣಕ್ಕೆಂದು ನಿಕ್ಕಲ್ ಬೆರೆಸಿದ್ದರೆ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಬೆಲ್ಟಿನ ಬಕ್ಕಲು, ಗಡಿಯಾರದ ಕೆಳಗೆ ತುರಿಸುವ ಮೈ ಇದ್ದವರು ಮೊದಲೇ ವಿಚಾರಿಸಬೇಕು.

4. ಒರೆಗಲ್ಲಿನ ಕಾಲ ಮುಗಿಯಿತು, ಮುದ್ರೆ ನೋಡಿ ಕೊಳ್ಳಿ

ಒರೆಗಲ್ಲಿನ ಮೇಲೆ ಗೆರೆ ಎಳೆದು ಬಣ್ಣ ನೋಡುವುದು ನನ್ನ ಕಣ್ಣಿಗೆ ಇವತ್ತಿಗೂ ಪ್ರೀತಿಯ ಕೆಲಸ. ಆದರೆ 22 ಮತ್ತು 21ರ ನಡುವಿನ ವ್ಯತ್ಯಾಸಕ್ಕೆ ಗಿರಾಕಿ ನನ್ನ ಕಣ್ಣನ್ನು ನಂಬಬೇಕಾಗಿಲ್ಲ. 2021ರ ಜೂನ್ 16ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಆಭರಣ ಮಾರುವಂತಿಲ್ಲ. ಉಂಗುರದ ಒಳಮೈಯಲ್ಲಿ ಮೂರು ಗುರುತು ಹುಡುಕಿ: ಬಿಐಎಸ್‌ನ ತ್ರಿಕೋನ ಚಿಹ್ನೆ, 22ಕೆ916 ಅಥವಾ 18ಕೆ750 ಎಂಬ ಶುದ್ಧತೆ, ಮತ್ತು ಆ ಆರು ಅಕ್ಷರ. ಮೊಬೈಲಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅವನ್ನು ಒತ್ತಿದರೆ ವಸ್ತು ಉಂಗುರವೋ ಸರವೋ, ಶುದ್ಧತೆ ಎಷ್ಟು, ಎಲ್ಲಿ ಪರೀಕ್ಷೆಯಾಯಿತು ಎಂಬುದು ಬರುತ್ತದೆ. ಅಕ್ಷರ ಉಂಗುರದ ಮೇಲಿದ್ದು ಆ್ಯಪ್ ಸರ ಎಂದು ತೋರಿಸಿದರೆ ಕೊಳ್ಳಬೇಡಿ. ಎರಡು ಗ್ರಾಮಿಗಿಂತ ಕಡಿಮೆಯ ವಸ್ತುವಿಗೆ ಈ ಕಡ್ಡಾಯವಿಲ್ಲ. ಹಗುರ ಉಂಗುರ ಕೊಳ್ಳುವವರು ಇದನ್ನು ನೆನಪಿಡಬೇಕು.

"ಕೆಡಿಎಂ ಬಂಗಾರ ಕೊಡ್ರಿ" ಎಂದು ಇವತ್ತಿಗೂ ಕೇಳುತ್ತಾರೆ. ಅದು ಶುದ್ಧತೆಯ ಹೆಸರಲ್ಲ, ಕ್ಯಾಡ್ಮಿಯಂ ಹಾಕಿದ ಬೆಸುಗೆಯ ಹೆಸರು. ಬೆಸುಗೆ ಹಾಕುವಾಗ ಏಳುವ ಅದರ ಹೊಗೆ ಪತ್ತಾರನ ಶ್ವಾಸಕೋಶಕ್ಕೆ ಇಳಿಯುವ ವಿಷ. ಅಂಗಡಿಯವರು ಅದನ್ನು ಹೆಮ್ಮೆಯಿಂದ ಹೇಳಿದರೆ ಹೊಗಳಿಕೆ ಎಂದು ತಿಳಿಯಬೇಡಿ, ಎದ್ದು ಬನ್ನಿ. ಆ ಹೊಗೆ ಕುಡಿದು ಕೆಮ್ಮುತ್ತ ಕುಳಿತವರನ್ನು ಈ ಓಣಿಯಲ್ಲೇ ನೋಡಿದ್ದೇನೆ.

5. ಬೆಳ್ಳಿಯನ್ನು ಬಡವರ ಲೋಹ ಎನ್ನಬೇಡಿ

ನಮ್ಮ ಕಡೆಯ ಲಿಂಗಾಯತ ಗಂಡಸಿನ ಎದೆಯ ಮೇಲಿನ ಕರಡಿಗೆ ಬೆಳ್ಳಿಯದು. ಇಷ್ಟಲಿಂಗವನ್ನೇ ಇಟ್ಟುಕೊಳ್ಳುವ ಲೋಹ ಉಂಗುರಕ್ಕೆ ಹೇಗೆ ಕಡಿಮೆಯಾದೀತು? ಕೂಸಿನ ಸೊಂಟದ ಉಡದಾರ ಬೆಳ್ಳಿಯದು, ಸೊಸೆಯ ಕಾಲುಂಗುರ ಬೆಳ್ಳಿಯದು. ಮುಸ್ಲಿಂ ವರನಿಗೆ ಉಂಗುರ ಮಾಡಿಸಲು ಬರುವವರು ಬೆಳ್ಳಿಯನ್ನೇ ಕೇಳುತ್ತಾರೆ, ಅವರ ಧರ್ಮದಲ್ಲಿ ಗಂಡಸಿಗೆ ಬಂಗಾರ ನಿಷಿದ್ಧ, ಬೆಳ್ಳಿಯ ಉಂಗುರಕ್ಕೆ ಅಡ್ಡಿಯಿಲ್ಲ. ಬೆಳ್ಳಿಯಲ್ಲಿ ದಪ್ಪಗೆ, ಚೆಂದಗೆ, ಒಳಗೆ ಹೆಸರು ಕೆತ್ತಿಸಿದ ಗಟ್ಟಿ ಉಂಗುರ ಮಾಡಿಕೊಟ್ಟಾಗ ನನಗೆ ಆಗುವ ಸಮಾಧಾನ ಬಂಗಾರದ್ದಕ್ಕಿಂತ ಕಡಿಮೆಯಲ್ಲ.

ಬೆಳ್ಳಿ ಕೇಳುವುದಾದರೆ 925 ಕೇಳಿ, ಅಂದರೆ ಸಾವಿರಕ್ಕೆ 75 ಪಾಲು ತಾಮ್ರ ಬೆರೆತದ್ದು. ಅಪ್ಪಟ ಬೆಳ್ಳಿ ಉಂಗುರಕ್ಕೆ ತೀರ ಮೆದು. ಪಟ್ಟಿ ಎರಡು ಮಿಲಿಮೀಟರ್ ದಪ್ಪ ಇರಲಿ, ತೂಕದ ಚಿಂತೆ ಬೇಡ. 22 ಕ್ಯಾರೆಟ್‌ನಲ್ಲಿ 5 ಗ್ರಾಂ ಆಗುವ ಅಚ್ಚು ಬೆಳ್ಳಿಯಲ್ಲಿ 3 ಗ್ರಾಮಿನ ಆಸುಪಾಸು ಬರುತ್ತದೆ. 2025ರ ಸೆಪ್ಟೆಂಬರಿನಿಂದ ಬೆಳ್ಳಿಗೂ ಎಚ್‌ಯುಐಡಿ ಬಂದಿದೆ, ಆದರೆ ಅದು ಐಚ್ಛಿಕ, ಕೇಳಿದರೆ ಸಿಗುತ್ತದೆ.

ಒಂದು ತೊಡಕು ನಮ್ಮ ಭಾಗಕ್ಕೇ ವಿಶೇಷ. ದ್ರಾಕ್ಷಿಗೆ ಬೂದಿ ರೋಗ ಬಂದರೆ ಗಂಧಕ ಹೊಡೆಯುತ್ತಾರೆ. ಬೇದಾಣಾ ಮಾಡುವ ಶೆಡ್ಡಿನಲ್ಲಿ ಒಣದ್ರಾಕ್ಷಿ ಹಳದಿ ಬಣ್ಣಕ್ಕೆ ಬರಲೆಂದು ಗಂಧಕದ ಹೊಗೆ ಹಾಕುತ್ತಾರೆ. ಗಂಧಕಕ್ಕೂ ಬೆಳ್ಳಿಗೂ ಆಗದು. ತೋಟದ ಹುಡುಗನೊಬ್ಬ ಮದುವೆಯಾಗಿ ತಿಂಗಳೊಳಗೆ ಉಂಗುರ ತಂದು, "ಇದು ಬೆಳ್ಳಿ ಅಲ್ಲ, ಕಬ್ಬಿಣ ಐತಿ" ಎಂದು ಸಿಟ್ಟಾಗಿ ಟೇಬಲ್ಲಿನ ಮೇಲಿಟ್ಟಿದ್ದ. ಉಂಗುರ ಅಂಚಿನಲ್ಲಿ ನೇರಳೆ, ನಡುವೆ ಕಾಡಿಗೆ ಕಪ್ಪು. ಅಲ್ಯುಮಿನಿಯಂ ಪಾತ್ರೆಯಲ್ಲಿ ಬಿಸಿನೀರು, ತಿನ್ನುವ ಸೋಡಾ ಹಾಕಿ, ಉಂಗುರ ಪಾತ್ರೆಗೆ ತಾಗುವಂತೆ ಇಟ್ಟೆ. ಕೊಳೆತ ಮೊಟ್ಟೆಯ ವಾಸನೆ ಸಣ್ಣಗೆ ಬಂತು, ನೋಡನೋಡುತ್ತ ಕಪ್ಪು ಬಿಟ್ಟಿತು. ಆಮೇಲೆ ಅಂಟವಾಳಕಾಯಿ ನೀರಿನಲ್ಲಿ ಬ್ರಷ್ ಹಾಕಿ ತೊಳೆದು ಕೊಟ್ಟೆ. ಬೆಳ್ಳಿ ಎಲ್ಲೂ ಹೋಗಿರಲಿಲ್ಲ, ಮೇಲ್ಮೈ ಮಾತ್ರ ಗಂಧಕದ ಜೊತೆ ಕೂಡಿತ್ತು. ತೋಟದವರು ಬೆಳ್ಳಿ ತೊಡಬಹುದು, ಔಷಧ ಹೊಡೆಯುವ ದಿನ ತೆಗೆದಿಡಬೇಕು ಅಷ್ಟೇ. ತೆಗೆಯುವ ಮನಸ್ಸಿಲ್ಲದವರಿಗೆ ಬಂಗಾರವೇ ಸರಿ, ಕ್ಯಾರೆಟ್ ಹೆಚ್ಚಿದಷ್ಟೂ ಕಪ್ಪಾಗುವುದು ಕಡಿಮೆ.

6. ಪ್ಲಾಟಿನಂ ಒಳ್ಳೆಯ ಲೋಹ, ಆದರೆ ನಮ್ಮ ಊರಿನ ಕುಲುಮೆಗೆ ದಕ್ಕುವುದಿಲ್ಲ

ಬೆಳ್ಳಿ ಕರಗುವುದು 961 ಡಿಗ್ರಿಗೆ, ಬಂಗಾರ 1064ಕ್ಕೆ. ಪ್ಲಾಟಿನಂಗೆ 1768 ಡಿಗ್ರಿ ಬೇಕು. ನನ್ನ ಗ್ಯಾಸಿನ ಬೆಂಕಿಗೆ, ಮೂಸೆಗೆ ಅದು ಜಗ್ಗುವುದಿಲ್ಲ. ಉಂಗುರ ಬಿಗಿಯಾದರೆ, ಬಿರುಕು ಬಿಟ್ಟರೆ ಪುಣೆ, ಮುಂಬಯಿಯ ಕಾರ್ಖಾನೆಗೇ ಹೋಗಬೇಕು. 950 ಶುದ್ಧತೆಯ ಪ್ಲಾಟಿನಂ ಬಂಗಾರಕ್ಕಿಂತ ತೂಕ, 22 ಕ್ಯಾರೆಟ್‌ನ 5 ಗ್ರಾಮಿನ ಅಚ್ಚು ಅದರಲ್ಲಿ 6 ಗ್ರಾಮಿನ ಹತ್ತಿರ ಬರುತ್ತದೆ. ಕಪ್ಪಾಗುವುದಿಲ್ಲ, ಚರ್ಮಕ್ಕೆ ತೊಂದರೆಯಿಲ್ಲ. ಸುಮಾರು 2015ರಿಂದ ಈಚೆಗೆ ಗ್ರಾಮಿನ ದರ ಬಂಗಾರಕ್ಕಿಂತ ಕೆಳಗಿದೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ನೌಕರಿ ಮಾಡುವ ಹುಡುಗ ಕೊಳ್ಳಲಿ. ಇಲ್ಲೇ ಬದುಕುವವನಿಗೆ, ಕಷ್ಟಕ್ಕೆ ಒತ್ತೆ ಇಡಬೇಕಾದವನಿಗೆ ನಾನು ಹೇಳುವುದಿಲ್ಲ. ಜತ್ತದಲ್ಲಿ ಅದನ್ನು ಸರಿಯಾದ ದರಕ್ಕೆ ತಿರುಗಿ ಕೊಳ್ಳುವವರನ್ನು ಹುಡುಕುವುದು ಕಷ್ಟ.

7. ಕತ್ತರಿಸಲಾಗದ ಉಂಗುರ ಬೆರಳಿಗೆ ಹಾಕಬೇಡಿ

ಈಗಿನ ಹುಡುಗರು ಮೊಬೈಲಿನಲ್ಲಿ ಕಪ್ಪು ಉಂಗುರದ ಚಿತ್ರ ತೋರಿಸುತ್ತಾರೆ. ಟೈಟಾನಿಯಂ, ಟಂಗ್‌ಸ್ಟನ್, ಸ್ಟೀಲ್ ಎಲ್ಲವೂ ಅವರಿಗೆ ಒಂದೇ. ನನಗೆ ಒಂದೇ ಅಲ್ಲ. ಟೈಟಾನಿಯಂ ಬಹಳ ಹಗುರ, 22 ಕ್ಯಾರೆಟ್‌ನ 5 ಗ್ರಾಮಿನ ಅಚ್ಚು ಅದರಲ್ಲಿ ಒಂದೂಕಾಲು ಗ್ರಾಂ. ಚರ್ಮಕ್ಕೆ ಒಳ್ಳೆಯದು, ಮೂಳೆಗೆ ಹಾಕುವ ಪ್ಲೇಟುಗಳನ್ನೂ ಅದರಿಂದ ಮಾಡುತ್ತಾರೆ. ಆದರೆ ಅಳತೆ ಹಿಗ್ಗಿಸಲು, ಕುಗ್ಗಿಸಲು ನಮ್ಮಿಂದ ಆಗುವುದಿಲ್ಲ. ಟಂಗ್‌ಸ್ಟನ್ ಕಾರ್ಬೈಡ್ ಗೀರು ಬೀಳದಷ್ಟು ಗಡಸು, ಅಷ್ಟೇ ಪೆಡಸು. ಕಲ್ಲಿನ ಮೇಲೆ ಬಿದ್ದರೆ ಒಡೆಯಬಹುದು.

ಜೇನು ಹುಳ ಕಡಿದು ಬಾತ ಬೆರಳಿನೊಂದಿಗೆ ಒಬ್ಬ ಯುವಕನನ್ನು ಅವನ ಅಣ್ಣ ನನ್ನಲ್ಲಿಗೆ ಕರೆತಂದಿದ್ದ. ಜಾತ್ರೆಯಲ್ಲಿ ಕೊಂಡ ಸ್ಟೀಲ್ ಉಂಗುರ, ಬೆರಳು ನೀಲಿಗಟ್ಟುತ್ತಿತ್ತು. ಚಮಚದ ಹಿಡಿಕೆಯನ್ನು ತೆಳ್ಳಗೆ ಬಡಿದು ಉಂಗುರದ ಅಡಿಗೆ ತೂರಿಸಿ, ಚರ್ಮಕ್ಕೆ ತಾಗದಂತೆ ಸಣ್ಣ ಗರಗಸ ಇಟ್ಟೆ. ನಾಲ್ಕು ಎಳೆತಕ್ಕೆ ಉಂಗುರ ಕಾಯುತ್ತಿತ್ತು. ನಿಲ್ಲಿಸಿ ತಣ್ಣೀರು ಹನಿಸಬೇಕು, ಮತ್ತೆ ಎಳೆಯಬೇಕು. ಗರಗಸದ ಎಳೆಗಳು ಒಂದಾದ ಮೇಲೊಂದು ತುಂಡಾದವು. ಹುಡುಗ ಹಲ್ಲು ಕಚ್ಚಿ ಕೂತಿದ್ದ. ಒಂದು ಕಡೆ ಕತ್ತರಿಸಿದರೆ ಸ್ಟೀಲ್ ಅಗಲವಾಗುವುದಿಲ್ಲ, ಎದುರು ಕಡೆಯೂ ಕತ್ತರಿಸಬೇಕಾಯಿತು. ಅದೇ ಬಂಗಾರ, ಬೆಳ್ಳಿ ಇದ್ದಿದ್ದರೆ ಒಂದು ಕಡೆ ಕೊಯ್ದು ಇಕ್ಕಳದಿಂದ ಅಗಲಿಸಿ ತೆಗೆಯುವಷ್ಟರಲ್ಲಿ ಮುಗಿದು ಹೋಗುತ್ತಿತ್ತು, ಆಮೇಲೆ ಬೆಸೆದೂ ಕೊಡಬಹುದಿತ್ತು. ಟಂಗ್‌ಸ್ಟನ್‌ಗೆ ಗರಗಸ ಹತ್ತುವುದೇ ಇಲ್ಲ, ಬಿಗಿಹಿಡಿಯುವ ಇಕ್ಕಳದಲ್ಲಿ ಸ್ವಲ್ಪಸ್ವಲ್ಪವೇ ಒತ್ತಿ ಒಡೆಯಬೇಕು. ಅದು ಗೊತ್ತಿರುವವರು ಪ್ರತಿ ಊರಿನಲ್ಲಿ ಸಿಗುವುದಿಲ್ಲ.

ಬೆರಳು ಸ್ವಲ್ಪವೇ ಬಾತಿದ್ದರೆ ಮನೆಯಲ್ಲಿ ಒಂದು ಉಪಾಯ ನಡೆಯುತ್ತದೆ. ಕೈ ಮೇಲೆತ್ತಿ ಹಿಡಿದು, ತೆಳು ದಾರದ ತುದಿಯನ್ನು ಉಂಗುರದ ಅಡಿಯಿಂದ ಅಂಗೈ ಕಡೆ ತೂರಿಸಿ, ಉಳಿದ ದಾರವನ್ನು ಉಂಗುರದಿಂದ ಉಗುರಿನ ಕಡೆ ಸಂದಿಲ್ಲದಂತೆ ಗೆಣ್ಣು ದಾಟುವವರೆಗೆ ಸುತ್ತಬೇಕು. ಕೊಬ್ಬರಿ ಎಣ್ಣೆ ಸವರಿ, ತೂರಿಸಿದ ತುದಿಯನ್ನು ಹಿಡಿದು ಬಿಚ್ಚುತ್ತ ಬಂದರೆ ಉಂಗುರ ದಾರದ ಜೊತೆ ಮುಂದೆ ಸರಿಯುತ್ತದೆ. ಬೆರಳು ನೀಲಿಯಾಗಿದ್ದರೆ, ಜೋಮು ಹಿಡಿದಿದ್ದರೆ ಈ ಪ್ರಯೋಗ ಬೇಡ, ದವಾಖಾನೆಗೆ ಓಡಬೇಕು.

8. ಯಾವ ಲೋಹವಾದರೂ ಮೋಟರಿನ ಹತ್ತಿರ ಬೇಡ

ರಾಶಿ ಯಂತ್ರ, ಟ್ರ್ಯಾಕ್ಟರಿನ ತಿರುಗುವ ದಂಡ, ಮೇವು ಕತ್ತರಿಸುವ ಯಂತ್ರ, ಟ್ರಾಲಿಯಿಂದ ಕೆಳಗೆ ಹಾರುವುದು, ಇವುಗಳಲ್ಲಿ ಉಂಗುರ ಸಿಕ್ಕಿಕೊಂಡರೆ ಬೆರಳಿನ ಚರ್ಮವನ್ನೇ ಸುಲಿದು ಬಿಡುತ್ತದೆ. ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚುವಾಗ ಪಾನಾ ಹಿಡಿದ ಕೈಯ ಉಂಗುರ ಎರಡು ತುದಿಗಳ ನಡುವೆ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಬಂಗಾರ, ಬೆಳ್ಳಿ ಎರಡೂ ವಿದ್ಯುತ್ತಿಗೆ ಬಹಳ ಒಳ್ಳೆಯ ದಾರಿ. ಸ್ಟಾರ್ಟರ್ ಪೆಟ್ಟಿಗೆ ಮುಟ್ಟುವ ಮುಂಚೆ ಉಂಗುರ ತೆಗೆಯಬೇಕು. ಹೊಸ ಮದುಮಗ ತೆಗೆದರೆ ಅಪಶಕುನ ಎನ್ನುವ ಹಿರಿಯರಿಗೆ ನಾನು ಕೈಮುಗಿದು ಹೇಳುತ್ತೇನೆ, ತೆಗೆದರೆ ಏನೂ ಆಗುವುದಿಲ್ಲ. ಮನೆಯಲ್ಲಿ ದೇವರ ಜಗಲಿಯ ಮೇಲಿಟ್ಟು ಹೋಗಲಿ, ಅಥವಾ ಕೊರಳಿನ ದಾರಕ್ಕೆ ಪೋಣಿಸಿಕೊಳ್ಳದೆ ಜೇಬಿನ ಒಳಗೆ ಗುಂಡಿ ಹಾಕಿ ಇಟ್ಟುಕೊಳ್ಳಲಿ.

9. ಅಳತೆ ಮಧ್ಯಾಹ್ನ ಕೊಡಬೇಕು

ಬೆಳಗಿನ ತಂಪಿನಲ್ಲಿ ಬೆರಳು ಸಣ್ಣ, ಬಿಸಿಲೇರಿದ ಮೇಲೆ ದಪ್ಪ. ದುಡಿಯುವವರ ಗೆಣ್ಣು ದೊಡ್ಡದು, ಬುಡ ಸಣ್ಣದು. ಗೆಣ್ಣು ದಾಟಿದ ಉಂಗುರ ಬುಡದಲ್ಲಿ ತಿರುಗುತ್ತದೆ. ಅಂಥವರಿಗೆ ಒಳಗೆ ಎರಡು ಸಣ್ಣ ಗುಂಡು ಬೆಸೆದು ಕೊಟ್ಟರೆ ನಿಲ್ಲುತ್ತದೆ. ಬಂಗಾರ, ಬೆಳ್ಳಿಯಲ್ಲಿ ಇದು ಸುಲಭ. ಶನಿಯ ಕಬ್ಬಿಣದ ಉಂಗುರವನ್ನು ಮದುವೆಯ ಉಂಗುರದ ಪಕ್ಕದ ಬೆರಳಿಗೆ ಹಾಕುವವರು ಬಹಳ, ಗಡಸು ಕಬ್ಬಿಣ ಮೆದು ಬಂಗಾರವನ್ನು ಪಕ್ಕದಿಂದ ತಿನ್ನುತ್ತದೆ. ಬೇರೆ ಕೈಗೆ ಹಾಕಿಕೊಳ್ಳಲಿ.

10. ಹುಡುಗಿಯ ಅಪ್ಪ ಸಾಲ ಮಾಡಬಾರದು

ಇದನ್ನು ಎಲ್ಲಕ್ಕಿಂತ ಜೋರಾಗಿ ಹೇಳಬೇಕಾಗಿದೆ. ಉಂಗುರ ತೊಡುವವನು ವರ, ದುಡ್ಡು ಕೊಡುವವನು ಹೆಣ್ಣು ಹೆತ್ತವನು. "ಅರ್ಧ ತೊಲಿ ಅಂದಾರ್ರಿ, ಕಡಿಮಿ ಆದ್ರ ಮಾತು ಬರ್ತದ" ಎಂದು ಕಣ್ಣು ಕೆಳಗೆ ಹಾಕಿ ಕೂತ ರೈತರ ಮುಂದೆ ತಕ್ಕಡಿ ಹಿಡಿಯುವುದು ನನಗೆ ಕಷ್ಟ. ದಾಳಿಂಬೆಗೆ ದುಂಡಾಣು ರೋಗ ಬಂದ ವರ್ಷ, ಮಳೆ ಬಾರದ ವರ್ಷ ಈ ಮಾತು ಇನ್ನೂ ಭಾರ. ಅಂಥವರಿಗೆ ನಾನೇ ವರನನ್ನು ಅಂಗಡಿಗೆ ಕರೆತರಲು ಹೇಳುತ್ತೇನೆ. 18 ಕ್ಯಾರೆಟ್‌ನ ಲೆಕ್ಕ, ಬೆಳ್ಳಿಯ ಗಟ್ಟಿ ಉಂಗುರ, ಎರಡನ್ನೂ ಹುಡುಗನ ಕೈಯಲ್ಲಿಟ್ಟು ತೋರಿಸುತ್ತೇನೆ. ಹಿರಿಯರು ಹಟ ಹಿಡಿದ ಕಡೆ ಹುಡುಗರೇ "ಮಾಮಾ, ಇದ ಸಾಕ್ರಿ" ಎಂದದ್ದನ್ನು ಕೇಳಿದ್ದೇನೆ. 9 ಕ್ಯಾರೆಟ್‌ಗೂ 2025ರ ಜುಲೈಯಿಂದ ಹಾಲ್‌ಮಾರ್ಕ್ ಬಂದಿದೆ. ಬಣ್ಣ ಮಾಸಲು, ಮತ್ತೆ ಮಾರುವಾಗ ಸಿಗುವುದು ಕಡಿಮೆ, ಆದರೂ ಸಾಲದ ಬಂಗಾರಕ್ಕಿಂತ ಅದೇ ವಾಸಿ.

ಮನೆಯಲ್ಲಿ ಮುರಿದ ಬುಗುಡಿ, ಒಂಟಿಯಾಗಿ ಉಳಿದ ಓಲೆ, ಹರಿದ ಸರ ಇದ್ದರೆ ಅದನ್ನೇ ಕರಗಿಸಿ ಮಾಡಿಸಿ. ಅರಗು ತುಂಬಿದ ಗುಂಡು, ಕಲ್ಲು, ದಾರ ತೆಗೆಸಿದ ಮೇಲೆ ಮೊದಲ ತೂಕ ಮಾಡಿಸಿ. ಮೂಸೆಗೆ ಹಾಕುವಾಗ, ಬಿಳಿಗಾರ ಉದುರಿಸುವಾಗ, ಗಟ್ಟಿ ಹೊರಬರುವಾಗ ಎದುರಿಗೇ ಕೂತಿರಿ. ಕುಲುಮೆಯ ಮುಂದೆ ಗಿರಾಕಿ ಕೂತರೆ ಬೇಸರಿಸುವ ಪತ್ತಾರನ ಹತ್ತಿರ ಹೋಗಬೇಡಿ. ಕರಗಿದ ಮೇಲೆ ತೂಕ ಇಳಿಯುತ್ತದೆ, ಹಳೆ ಬೆಸುಗೆ ಹೆಚ್ಚಿದ್ದರೆ ಶುದ್ಧತೆಯೂ ಇಳಿಯುತ್ತದೆ. ಆ ಗಟ್ಟಿಯನ್ನು ಸಾಂಗಲಿಯಲ್ಲಿ ಪರೀಕ್ಷೆ ಮಾಡಿಸಿ, ಎಷ್ಟು ಕ್ಯಾರೆಟ್ ಬಂತು ಎಂದು ಕಾಗದದಲ್ಲಿ ಬರೆಸಿಕೊಂಡು, ಆಮೇಲೆ ಉಂಗುರದ ಮಜೂರಿ ಮಾತಾಡಿ. ಮಜೂರಿ ಗ್ರಾಮಿಗೆ ಎಷ್ಟು, ಘಟ್ (ತೂಕದ ಸವಕಳಿ) ಎಷ್ಟು ಎಂಬ ಎರಡು ಅಂಕಿ ಅದೇ ಚೀಟಿಯ ಮೇಲೆ ಬೇರೆಬೇರೆಯಾಗಿ ಇರಲಿ. ಮುಂಗಡ ಕೊಡುವುದು ಅದಾದ ಮೇಲೆ.